ನಿಲ್ಲಿ ಅಂದದ್ದು ಕೇಳಿಸಿತ್ತು

ರೇಡಿಯೋದಲ್ಲಿ ಅವರು "ಸ್ವಲ್ಪ ನಿಲ್ಲಿ, ಇನ್ನೂ ಬರಬೇಡಿ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಗಾಳಿ, ದೂರ, ಕಿವಿ ಮುಚ್ಚಿದ ಟೊಪ್ಪಿಗೆ ಎಂದೆಲ್ಲ ಸೇರಿಸುತ್ತ ಹೋದರೆ, ಆ ಮಾತು ಕೇಳಿಸಿರಲೇ ಇಲ್ಲವೆಂದು ಒಂದು ದಿನ ನನಗೇ ಅನ್ನಿಸಿಬಿಡಬಹುದು. ಆ ಹೊತ್ತಿನಲ್ಲಿ ಗಾಳಿಯಿರಲಿಲ್ಲ. ರೇಡಿಯೋ ನನ್ನ ಬ್ಯಾಗಿನ ಭುಜದ ಪಟ್ಟಿಯಲ್ಲಿ, ಕಿವಿಯಿಂದ ಒಂದು ಗೇಣು ಕೆಳಗಿತ್ತು.

ನಾವು ಮೂವರಿದ್ದೆವು. ನಾನು, ಸೆಂಡಾಯ್‌ನ ಒಂದು ಪ್ರಯೋಗಾಲಯದಲ್ಲಿ ಬ್ಯಾಟರಿಗಳ ಮೇಲೆ ಕೆಲಸ ಮಾಡುವವಳು. ಪಕ್ಕದ ಕಟ್ಟಡದಲ್ಲಿ ಸಂಶೋಧನೆ ಮಾಡುವ ಮೈಸೂರಿನ ಗೆಳೆಯ. ಮೂರನೆಯವರು ನನ್ನ ಪ್ರಯೋಗಾಲಯದ ಜಪಾನಿ ಸಹೋದ್ಯೋಗಿ, ನಮ್ಮದೇ ವಯಸ್ಸಿನ ಸಹಾಯಕ ಪ್ರಾಧ್ಯಾಪಕ. ಚಿಕ್ಕಂದಿನಿಂದ ಚಳಿಗಾಲವೆಲ್ಲ ಬೆಟ್ಟದಲ್ಲೇ ಕಳೆದವರು. ಗೆಳೆಯ ಅವರನ್ನು ತಮಾಷೆಗೆ 'ಲೀಡರ್ ಸಾನ್', ಅಂದರೆ ಲೀಡರ್ ಅವರು, ಎಂದು ಕರೆಯತೊಡಗಿದ. ಅವರಿಗೆ ಅದು ಇಷ್ಟವಾಗಿ ಹಾಗೇ ಉಳಿಯಿತು. ಸ್ಕೀ ರೆಸಾರ್ಟಿನಲ್ಲಿ ತಂತಿಯ ಮೇಲೆ ಸಾಗುವ ಕುರ್ಚಿಯಲ್ಲಿ ಕೂತು ಹತ್ತಿ, ಸಿದ್ಧಪಡಿಸಿದ ದಾರಿಯಲ್ಲಿ ಇಳಿಯುವುದನ್ನು ನಾವಿಬ್ಬರು ಆಗಲೇ ಕಲಿತಿದ್ದೆವು. ಸ್ಕೀಯ ತಳಕ್ಕೆ ಹಿಂದೆ ಜಾರದಂಥ ಪಟ್ಟಿ ಅಂಟಿಸಿಕೊಂಡು, ದಾರಿಯೇ ಇಲ್ಲದ ಬೆಟ್ಟವನ್ನು ಕಾಲಿನಿಂದ ಹತ್ತಿ, ಯಾರೂ ಮುಟ್ಟದ ಹಿಮದಲ್ಲಿ ಇಳಿಯುವುದನ್ನು ಕಲಿಸಿದವರು ಅವರು.

ಗೆಳೆಯನ ಹೆಂಡತಿ ಬೆಂಗಳೂರಿನವಳು. ನನಗೆ ಅವಳು ಗೆಳೆಯನಿಗಿಂತ ಹತ್ತಿರ. ಆ ದೊಡ್ಡ ಭೂಕಂಪ, ಸುನಾಮಿಯಾದ ಕೆಲವು ವರ್ಷಗಳ ಮೇಲೆ ನಾವು ಒಂದೇ ವಸಂತದಲ್ಲಿ ಈ ಊರಿಗೆ ಬಂದವರು. ಇಬ್ಬರ ಮನೆಯಲ್ಲೂ "ಆ ಊರಿಗೇ ಹೋಗ್ಬೇಕಾ?" ಎಂದು ಅತ್ತಿದ್ದರು. ನಮ್ಮ ಮೊದಲ ಕಂಪನಕ್ಕೆ ಇಬ್ಬರೂ ಅವಳ ಊಟದ ಮೇಜಿನ ಕೆಳಗೆ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಕೂತಿದ್ದೆವು. ನೀರು, ಟಾರ್ಚು, ಪಾಸ್‌ಪೋರ್ಟು ತುಂಬಿದ ಬ್ಯಾಗೊಂದು ಅವಳ ಮನೆಯ ಬಾಗಿಲ ಪಕ್ಕ ಸದಾ ಸಿದ್ಧವಿರುತ್ತದೆ.

ಅವತ್ತು ಬೆಳಿಗ್ಗೆ ನಾನು, ಲೀಡರ್ ಸಾನ್ ಅವರ ಮನೆಯ ಮುಂದೆ ಕಾರು ತಂದು ನಿಲ್ಲಿಸಿದಾಗ ಅವಳು ನೈಟಿಯ ಮೇಲೆ ದೊಡ್ಡ ಜಾಕೆಟ್ ಹಾಕಿಕೊಂಡು ಕೆಳಗಿಳಿದು ಬಂದಳು. ಕೈಯಲ್ಲಿ ಡಬ್ಬಿ.

"ಪುಳಿಯೋಗರೆನ ಒನಿಗಿರಿ ಥರ ಉಂಡೆ ಕಟ್ಟಿದೀನಿ. ಸುತ್ತ ಕಪ್ಪಗಿರೋದು ಬರೀ ಸಮುದ್ರದ ಪಾಚಿ ಹಾಳೆ. ಲೀಡರ್ ಸಾನ್‌ಗೆ ಹೇಳು, ಖಾರ ಇದೆ ಅಂತ."

"ನಮಗೇ ಸಾಲಲ್ಲ, ಅವರಿಗ್ಯಾಕೆ ಹೇಳ್ಬೇಕು," ಎಂದ ಅವಳ ಗಂಡ.

"ನೀನು ಸುಮ್ನಿರು. ಈ ಊರಲ್ಲಿ ನೆಲಾನೇ ನಂಬೋ ಹಾಗಿಲ್ಲ, ನೀವು ಹಿಮ ನಂಬ್ಕೊಂಡು ಹೊರಟಿದೀರ." ಆಮೇಲೆ ನನ್ನ ಕಡೆ ತಿರುಗಿ, "ಇವನು ಕೋತಿ ಆಟ ಆಡದೇ ಇರೋ ಹಾಗೆ ನೋಡ್ಕೊಳೇ," ಎಂದಳು.

"ನನ್ನ ಪಕ್ಕ ಬಿಟ್ಟು ಅಲ್ಲಾಡೋಕೆ ಬಿಡಲ್ಲ ಕಣೇ," ಎಂದೆ ನಾನು.

ಹಿಂದಿನ ಎರಡು ದಿನ ಬಿಡದೆ ಹಿಮ ಸುರಿದಿತ್ತು. ಪಕ್ಕದ ಯಾಮಾಗಾತಾ ಪ್ರಾಂತದ ಗಡಿಯ ಕಡೆಗೆ ಹೋದಂತೆಲ್ಲ ರಸ್ತೆಯ ಎರಡೂ ಬದಿಗೆ ಹಿಮದ ಗೋಡೆ ಎತ್ತರವಾಗುತ್ತ ಹೋಯಿತು. ಕಾರು ನಿಲ್ಲಿಸಿದ ಕಡೆ ಲೀಡರ್ ಸಾನ್ ಯಾವಾಗಲೂ ಮಾಡುವ ಪರೀಕ್ಷೆ ಮಾಡಿದರು. ಹಿಮದಲ್ಲಿ ಹೂತುಹೋದವರನ್ನು ಹುಡುಕಲು ಎಲ್ಲರೂ ಎದೆಗೆ ಕಟ್ಟಿಕೊಳ್ಳುವ ಬೀಕನ್ ಎಂಬ ಸಣ್ಣ ಯಂತ್ರವಿದೆ. ಸಾಮಾನ್ಯವಾಗಿ ಅದು ಸಂಕೇತ ಕಳಿಸುತ್ತಲೇ ಇರುತ್ತದೆ; ಯಾರಾದರೂ ಹೂತುಹೋದರೆ ಉಳಿದವರು ಗುಂಡಿ ತಿರುಗಿಸಿ ಆ ಸಂಕೇತವನ್ನು ಹುಡುಕಬೇಕು. ನಾವು ಒಬ್ಬೊಬ್ಬರಾಗಿ ಅವರ ಮುಂದೆ ಹಾದುಹೋದೆವು. ಮೂರೂ ಸರಿಯಾಗಿ ಕೂಗಿದವು. ರೇಡಿಯೋ ಎರಡೇ ಇದ್ದವು. ಒಂದು ಮೊದಲು ಇಳಿಯುವ ಅವರಿಗೆ, ಇನ್ನೊಂದು ಕೊನೆಗೆ ಇಳಿಯುವ ನನಗೆ. ಮಧ್ಯದವನಿಗೆ ಬೇಕಾಗುವುದಿಲ್ಲ ಎಂದರು. ರೇಡಿಯೋವನ್ನೂ ಪರೀಕ್ಷಿಸಿದೆವು.

ಹತ್ತಿದ ಆ ಬೆಳಗಿನ ಬಗ್ಗೆ ಏನು ಬರೆಯಲೂ ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ಅದು ಅಷ್ಟು ಚೆನ್ನಾಗಿತ್ತು. ಎಲೆ ಉದುರಿಸಿದ ಬೀಚ್ ಮರಗಳು, ಬೂದಿ ಬಣ್ಣದ ಕಾಂಡಗಳ ಒಂದು ಬದಿಗೆ ಮಾತ್ರ ಅಂಟಿದ ಹಿಮ. ಸ್ಕೀ ಮುಂದಕ್ಕೆ ತಳ್ಳಿದಾಗ ರವೆಯ ಮೂಟೆಯೊಳಗೆ ಕೈ ಹಾಕಿದಂಥ ಸದ್ದು. ಮುಂದೆ ಲೀಡರ್ ಸಾನ್ ದಾರಿ ಮಾಡುತ್ತಿದ್ದರು. ನಡುವೆ ಗೆಳೆಯ ಏದುಸಿರಲ್ಲೇ ಕಲ್ಯಾಣಿ ರಾಗ ಗುನುಗುತ್ತಿದ್ದ, ಏರು ಬಂದಾಗಲೆಲ್ಲ ಶ್ರುತಿ ಜಾರುತ್ತಿತ್ತು. "ನಿನ್ನ ಕಲ್ಯಾಣಿ ಕೇಳಿ ಕರಡಿ ಎದ್ದು ಬರತ್ತೆ," ಎಂದೆ. "ಬರ್ಲಿ, ತಂಬೂರಿ ಹಿಡ್ಕೊಳೋಕೆ ಒಬ್ರು ಬೇಕಿತ್ತು," ಎಂದ. ಪ್ರಯೋಗಾಲಯ, ವೀಸಾ, ಮುಗಿಯಲಿರುವ ಗುತ್ತಿಗೆ ಎಲ್ಲವೂ ಬಹಳ ಕೆಳಗಿದ್ದವು. ನನಗೆ ಅಂಥ ಬೆಳಗುಗಳು ಹೆಚ್ಚು ಸಿಕ್ಕಿಲ್ಲ.

ಬೆಟ್ಟದ ಏಣಿನ ಮೇಲೆ ಕೂತು ಉಂಡೆಗಳನ್ನು ತಿಂದೆವು. ಲೀಡರ್ ಸಾನ್ ಒಂದು ತಿಂದು ಕಣ್ಣು ಒರೆಸಿಕೊಂಡರು, ಇನ್ನೊಂದಕ್ಕೆ ಕೈ ಚಾಚಿದರು. ಆಮೇಲೆ ಸಲಿಕೆಯಿಂದ ಹಿಮವನ್ನು ಕತ್ತರಿಸಿ ಪದರಗಳನ್ನು ನೋಡಿದರು. ಹಳೆಯ ಗಟ್ಟಿ ಹಿಮದ ಮೇಲೆ ಹೊಸ ಹಿಮ ಇನ್ನೂ ಚೆನ್ನಾಗಿ ಕಚ್ಚಿಕೊಂಡಿಲ್ಲ ಎಂದರು. ನಾವು ಇಳಿಯಬೇಕೆಂದುಕೊಂಡಿದ್ದ ಕಡಿದಾದ ಕಡೆ ಬೇಡವೆಂದು, ಅಷ್ಟು ಕಡಿದಲ್ಲದ ಇನ್ನೊಂದು ಇಳಿಜಾರು ತೋರಿಸಿದರು. ನಿಯಮ ಸರಳ. ಒಬ್ಬರು ಇಳಿದು ಕೆಳಗಿನ ಮರಗಳ ಗುಂಪು ಸೇರುವ ತನಕ ಮುಂದಿನವರು ಕದಲಬಾರದು. ನಡುವೆ ಎಲ್ಲೂ ನಿಲ್ಲಬಾರದು. ಅವರು ಹಾದುಹೋದ ಗೆರೆಯ ಬಲಕ್ಕೇ ಇರಬೇಕು, ಎಡಕ್ಕೆ ಹೋಗಬಾರದು. "ಹೈ," ಎಂದೆವು ಇಬ್ಬರೂ, ಆಗಲಿ ಎಂದು.

ಆಗ ನಾನು ಕನ್ನಡದಲ್ಲಿ ಗೆಳೆಯನಿಗೆ ಹೇಳಿದೆ, "ಒಂದು ವಿಡಿಯೋ ಮಾಡ್ಕೊಡೋ. ನಾನು ಕಳಿಸೋ ಫೋಟೋಲೆಲ್ಲ ಬರೀ ನಿಂತೇ ಇರ್ತೀನಂತೆ. ಸ್ಕೀ ಬಾಡಿಗೆಗೆ ತಗೊಂಡು ಪೋಸ್ ಕೊಡ್ತೀಯ ಅಂತಾಳೆ ನನ್ನ ತಂಗಿ."

"ಕೆಳಗಿನ ಮರದಿಂದ ತೆಗೆದ್ರೆ ನೀನು ಇರುವೆ ಥರ ಕಾಣ್ತೀಯ."

"ಅದಕ್ಕೇ. ಆ ದಿಬ್ಬ ಇದೆ ನೋಡು ಮಧ್ಯದಲ್ಲಿ, ಅಲ್ಲಿ ನಿಂತ್ಕೊ. ಎರಡು ನಿಮಿಷದ ಕೆಲಸ."

"ಲೀಡರ್ ಸಾನ್ ಬೈತಾರೆ."

"ಅವರು ಬೈಯೋದು ನೋಡಿದೀಯಾ ಯಾವತ್ತಾದ್ರೂ?"

ಲೀಡರ್ ಸಾನ್ ಎರಡು ಹೆಜ್ಜೆ ದೂರದಲ್ಲಿ ಸ್ಕೀ ತಳದ ಪಟ್ಟಿ ಕಿತ್ತು ಮಡಿಸುತ್ತಿದ್ದರು. ನಮ್ಮ ಮಾತು ಕೇಳಿ ತಲೆಯೆತ್ತಿ, ಏನು ವಿಷಯ ಎಂಬಂತೆ ನಕ್ಕರು. ನಾನು ಜಪಾನಿಯಲ್ಲಿ, "ರಾತ್ರಿ ಊಟದ ವಿಷಯ," ಎಂದೆ. ಅವರ ಎದುರಿಗೇ ಕೂತು, ಅವರ ನಿಯಮ ಮುರಿಯುವ ಏರ್ಪಾಡನ್ನು ನಾವು ಅವರಿಗೆ ತಿಳಿಯದ ಭಾಷೆಯಲ್ಲಿ ಮಾಡಿಕೊಂಡೆವು. ಎರಡೂ ಪ್ರಯೋಗಾಲಯಗಳು ಸೇರುವ ಸಭೆಗಳಲ್ಲಿ ಎಷ್ಟೋ ಸಲ ಹೀಗೇ ಮಾಡಿ ನಕ್ಕಿದ್ದೆವು. ಅಭ್ಯಾಸವಾಗಿಹೋಗಿತ್ತು.

ಅವರು ಇಳಿದರು. ಮರಗಳ ಹತ್ತಿರ ಒಂದು ಕೆಂಪು ಚುಕ್ಕಿಯಾಗಿ ನಿಂತು ರೇಡಿಯೋದಲ್ಲಿ "ದೋಜೋ," ಎಂದರು, ಬನ್ನಿ ಎಂದು. ಗೆಳೆಯ ಇಳಿದ. ಮೊದಲ ಎರಡು ತಿರುವುಗಳಲ್ಲಿ ಹಿಮ ಅವನ ಎದೆಯವರೆಗೆ ಎದ್ದಿತು. ದಿಬ್ಬದ ಮೇಲೆ ನಿಂತ, ತಿರುಗಿದ, ಕೈಗವಸು ಬಿಚ್ಚಿ ಫೋನು ತೆಗೆದು ಎತ್ತಿ ಹಿಡಿದ. ಬೆಳಗಿನಿಂದ ಮೋಡದ ಹಿಂದಿದ್ದ ಸೂರ್ಯ ಆಗಲೇ ಹೊರಬಂದ. ಇಡೀ ಇಳಿಜಾರು ಹೊಳೆಯಿತು. ಇನ್ನರ್ಧ ನಿಮಿಷದಲ್ಲಿ ಮತ್ತೆ ಮೋಡ ಮುಚ್ಚುತ್ತದೆಂದು ಆಕಾಶ ನೋಡಿದರೆ ಗೊತ್ತಾಗುತ್ತಿತ್ತು.

ಆಗ ರೇಡಿಯೋ ಮಾತಾಡಿತು. ಸ್ವಲ್ಪ ನಿಲ್ಲಿ. ಇನ್ನೂ ಬರಬೇಡಿ. ಅವನು ನಡುವೆ ನಿಂತಿದ್ದಾನೆ.

ಉತ್ತರ ಕೊಡಲು ರೇಡಿಯೋದ ಗುಂಡಿ ಒತ್ತಬೇಕಿತ್ತು. ನಾನು ಒತ್ತಲಿಲ್ಲ. ಬೆಳಕು ಹೋಗಿಬಿಡುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಇಳಿದೆ. ಅವನ ಗೆರೆ ಚಿತ್ರದಲ್ಲಿ ಬರಬಾರದೆಂದು ಎಡಕ್ಕೆ ತಿರುಗಿದೆ.

ಮೂರನೆಯ ತಿರುವಿನಲ್ಲಿ ಕಾಲ ಕೆಳಗೆ, ಮಹಡಿಯಿಂದ ಹಾಸಿಗೆಯೊಂದನ್ನು ಕೆಳಗೆ ಹಾಕಿದಂತೆ, ಧೊಪ್ಪೆಂದು ಒಂದು ಸದ್ದಾಯಿತು. ಅದು ಕಿವಿಗಿಂತ ಹೊಟ್ಟೆಗೆ ಕೇಳಿಸಿತು. ನನ್ನಿಂದ ಸ್ವಲ್ಪ ಮೇಲೆ ಒಂದು ಗೆರೆ ಬಲಕ್ಕೆ ಓಡಿತು. ಅದರ ಕೆಳಗಿದ್ದ ಹಿಮವೆಲ್ಲ ಒಂದೇ ಹಲಗೆಯಾಗಿ ಕದಲಿ, ಆಮೇಲೆ ತುಂಡಾಯಿತು. ನಾನು ಅದರ ಅಂಚಿನಲ್ಲಿದ್ದೆ. ಬಿದ್ದು, ಒಂದಿಷ್ಟು ದೂರ ಉರುಳಿ, ಒಂದು ಬೀಚ್ ಮರದ ಬುಡಕ್ಕೆ ಸೊಂಟ ಬಡಿದು ನಿಂತೆ. ತಲೆಯೆತ್ತಿದಾಗ ದಿಬ್ಬ ಇತ್ತು. ದಿಬ್ಬದ ಮೇಲೆ ಯಾರೂ ಇರಲಿಲ್ಲ.

ಸೆಂಡಾಯ್‌ನಲ್ಲಿ ನೆಲ ನಡುಗುವ ಮುಂಚೆ ಎಲ್ಲರ ಫೋನುಗಳು ಒಟ್ಟಿಗೆ ಕಿರುಚುತ್ತವೆ. ಇಲ್ಲಿ ಯಾವುದೂ ಕಿರುಚಲಿಲ್ಲ. ಒಬ್ಬರು ನಿಲ್ಲಿ ಎಂದಿದ್ದರು, ಅಷ್ಟೆ.

ಕೆಳಗಿನಿಂದ ಲೀಡರ್ ಸಾನ್ ಸ್ಕೀ ಕಳಚಿ ತೊಡೆಯವರೆಗೆ ಹೂತುಕೊಳ್ಳುತ್ತ ಹತ್ತಿ ಬರುತ್ತಿದ್ದರು. ನಾನು ಮೇಲಿನಿಂದ ಅರ್ಧ ಜಾರುತ್ತ ಅರ್ಧ ಬೀಳುತ್ತ ಇಳಿದೆ. ಅವರು ಬೀಕನ್ ಕೈಯಲ್ಲಿ ಹಿಡಿದು ಒಂದು ಕಡೆಗೆ ಹೋಗುತ್ತಿದ್ದವರು ತಟ್ಟನೆ ನಿಂತು ನನ್ನ ಕಡೆಗೆ ತಿರುಗಿದರು, ಮತ್ತೆ ಆ ಕಡೆಗೆ, ಮತ್ತೆ ನನ್ನ ಕಡೆಗೆ. ಅವರ ಯಂತ್ರ ಇಬ್ಬರನ್ನು ತೋರಿಸುತ್ತಿತ್ತು. ನನ್ನ ಬೀಕನ್ ಇನ್ನೂ ಸಂಕೇತ ಕಳಿಸುತ್ತಲೇ ಇತ್ತು.

"ನಿಮ್ಮದನ್ನು ಬದಲಿಸಿ!" ಎಂದು ಕೂಗಿದರು. ಅವರು ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಎದೆಯ ಜಿಪ್ ತೆಗೆಯಲು ನನ್ನ ಬೆರಳು ಬರಲಿಲ್ಲ. ಹಲ್ಲಿನಿಂದ ಎಳೆದೆ. ಅಷ್ಟು ಹೊತ್ತು ನಾನು ಗೆಳೆಯನಿಗೆ ಸಿಗಬೇಕಾಗಿದ್ದ ಹೊತ್ತನ್ನೂ ತಿನ್ನುತ್ತಿದ್ದೆ.

ಹಿಮದೊಳಗೆ ಚುಚ್ಚಿ ನೋಡುವ ಉದ್ದದ ಕೋಲನ್ನು ಅವರು ಅಲ್ಲಲ್ಲಿ ಚುಚ್ಚಿದರು. ಒಂದು ಕಡೆ ಕೋಲು ಅರ್ಧಕ್ಕೇ ನಿಂತಿತು. "ಇಲ್ಲಿ," ಎಂದರು. ಕೋಲನ್ನು ಅಲ್ಲೇ ಬಿಟ್ಟು, ಅದರ ಮೇಲಿನಿಂದಲ್ಲ, ಇಳಿಜಾರಿನ ಕೆಳಬದಿಯಿಂದ ಅಗೆಯತೊಡಗಿದೆವು. ನಾನು ಹುಚ್ಚಿಯಂತೆ ಹಿಮವನ್ನು ಮೇಲಕ್ಕೆ ಎಸೆಯುತ್ತಿದ್ದೆ. ಅವರು ಅಗೆಯುತ್ತಲೇ, "ಎತ್ತಬೇಡಿ, ಹಿಂದಕ್ಕೆ ತಳ್ಳಿ," ಎಂದರು. ಅವರ ಊರು ಸಮುದ್ರದ ಕಡೆಯದು. ಭೂಕಂಪದ ವರ್ಷ ಅವರು ತಿಂಗಳುಗಟ್ಟಲೆ ಅಲ್ಲಿ ಕೆಸರು ಎತ್ತಲು ಹೋಗುತ್ತಿದ್ದರೆಂದು ಪ್ರಯೋಗಾಲಯದಲ್ಲಿ ಯಾರೋ ಹೇಳಿದ್ದರು. ಅವರಾಗಿ ಆ ವಿಷಯ ಎತ್ತಿದ್ದಿಲ್ಲ. ಅವರ ಸಲಿಕೆ ಒಂದೇ ಹದದಲ್ಲಿ ನಡೆಯುತ್ತಿತ್ತು. ಸರಿದು ನಿಂತ ಹಿಮ ಅಷ್ಟರಲ್ಲೇ ಗಾರೆಯಂತೆ ಗಟ್ಟಿಯಾಗಿತ್ತು.

ಮೊದಲು ಕಂಡದ್ದು ಅವನ ಬ್ಯಾಗು. ಆಮೇಲೆ ಕತ್ತಿನ ಹಿಂಭಾಗ. ಲೀಡರ್ ಸಾನ್ ಸಲಿಕೆ ಬಿಸಾಕಿ ಕೈಯಿಂದ ಮುಖದ ಸುತ್ತ ತೋಡಿದರು. ಅವನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾಯಿಯ ತುಂಬ ಹಿಮ. ಅವರು ಎರಡು ಬೆರಳು ಹಾಕಿ ಅದನ್ನು ತೆಗೆದರು. ಏನೂ ಆಗಲಿಲ್ಲ. ನಾನು ಅವನ ಹೆಂಡತಿಯ ಮುಖವನ್ನು ನೆನೆಯಲಿಲ್ಲ, ದೇವರನ್ನೂ ನೆನೆಯಲಿಲ್ಲ. ನಾನು ಎಡಕ್ಕೆ ಹೋದ ಗೆರೆ ಇಲ್ಲಿಂದ ಕಾಣುತ್ತಿದೆಯೇ ಎಂದು ತಿರುಗಿ ಮೇಲೆ ನೋಡಿದೆ. ಅಂಥ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಅದು.

ಆಮೇಲೆ ಅವನು ಕೆಮ್ಮಿದ.

ಕೆಮ್ಮಿ, ಉಸಿರೆಳೆದು, ವಾಂತಿ ಮಾಡಿಕೊಂಡು, ಮತ್ತೆ ಉಸಿರೆಳೆದ. ಬಲಭುಜ ಇರಬೇಕಾದ ಕಡೆ ಇರಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನನ್ನು ನೋಡಿ, "ಫೋನ್ ಹೋಯ್ತು ಕಣೇ," ಎಂದ. ನಾನು ಅಳತೊಡಗಿದೆ. ಲೀಡರ್ ಸಾನ್ ಅವನನ್ನು ಹೊದಿಕೆಯಲ್ಲಿ ಸುತ್ತಿ, ಸಿಗ್ನಲ್ ಸಿಗುವ ಜಾಗ ಹುಡುಕಿ ರಕ್ಷಣಾ ತಂಡಕ್ಕೆ ಕರೆ ಮಾಡಿ ಬಂದರು.

ಆ ತಂಡ ಬರುವವರೆಗೆ ಅವನನ್ನು ನಡುವೆ ಮಲಗಿಸಿಕೊಂಡು ಇಬ್ಬರೂ ಎರಡು ಬದಿಗೆ ಒತ್ತಿ ಕೂತಿದ್ದೆವು. ಆಗ ಲೀಡರ್ ಸಾನ್ ನನ್ನ ಮುಖ ನೋಡದೆ ಕೇಳಿದರು. "ರೇಡಿಯೋ ಕೇಳಿಸಲಿಲ್ಲ, ಅಲ್ಲವೇ?"

ಈ ದೇಶದಲ್ಲಿ ಪ್ರಶ್ನೆಗಳನ್ನು ಹೀಗೆ ಕೇಳುವುದುಂಟು, ಎದುರಿನವರು ಮರ್ಯಾದೆಯಿಂದ ಹೊರಗೆ ಹೋಗಲು ಒಂದು ಬಾಗಿಲು ತೆರೆದಿಟ್ಟು. ಆ ಬಾಗಿಲಲ್ಲಿ ಹೋಗಬೇಕೋ ಬೇಡವೋ ಎಂಬುದು ನಮಗೆ ಬಿಟ್ಟದ್ದು. ನಾನು ಹೌದೆಂದು ತಲೆಯಾಡಿಸಿದೆ.

ಭುಜದ ಮೂಳೆ ಮುರಿದಿತ್ತು, ಪಕ್ಕೆಲುಬು ಮುರಿದಿದ್ದವು. ಶಸ್ತ್ರಚಿಕಿತ್ಸೆಯಾಯಿತು. ಅವನು ಮನೆಗೆ ಬಂದ ಮೊದಲ ಭಾನುವಾರ ಲೀಡರ್ ಸಾನ್ ಗೆಳೆಯನ ಮನೆಗೆ ಬರುತ್ತೇನೆಂದು ತಿಳಿಸಿದರು. ಜೊತೆಗೆ ಬಂದು ಅನುವಾದ ಮಾಡಲು ಸಾಧ್ಯವೇ ಎಂದು ನನ್ನನ್ನು ಕೇಳಿದರು. ಅವರ ಇಂಗ್ಲಿಷ್ ಚೆನ್ನಾಗಿಯೇ ಇತ್ತು. ಆದರೆ ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ ಹಗುರವಾಗುತ್ತದೆ ಎಂದರು.

ಅವರು ಕಪ್ಪು ಸೂಟು, ಗಾಢ ಬಣ್ಣದ ಟೈ ಹಾಕಿಕೊಂಡು ಬಂದರು. ಕೈಯಲ್ಲಿ ಹಳೆಯ ಅಂಗಡಿಯೊಂದರ ಸಿಹಿಯ ಪೆಟ್ಟಿಗೆ. ಬಾಗಿಲಲ್ಲಿ, ಸಾವಿನ ಮನೆಗೆ ಹೊರಟವರಂಥ ಆ ಉಡುಪು ನೋಡಿ ಅವನ ಹೆಂಡತಿ ಬೆಚ್ಚಿದಳು. ಅವರು ಕುರ್ಚಿಯ ಮೇಲೆ ಕೂರಲಿಲ್ಲ. ಚಾಪೆ ಹಾಸಿದ ನೆಲದ ಮೇಲೆ ಮಂಡಿಯೂರಿ, ಎರಡೂ ಅಂಗೈ ಊರಿ, ಹಣೆ ನೆಲಕ್ಕೆ ಮುಟ್ಟುವಷ್ಟು ಬಾಗಿದರು. ಹಾಗೆ ಬಾಗಿಯೇ ಮಾತಾಡಿದರು. ನಾನು ಅವರ ಪಕ್ಕದಲ್ಲಿ ಕೂತು ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತಂದೆ.

"ತೀರ್ಮಾನಗಳೆಲ್ಲ ನನ್ನವು ಅಂತಿದಾರೆ. ಆ ಇಳಿಜಾರನ್ನ ಆರಿಸಿದ್ದು ನಾನು. ನಿಮ್ಮ ಯಜಮಾನರು ಇಷ್ಟು ನೋವು ಪಡೋ ಹಾಗೆ ಆಯ್ತು, ಅದಕ್ಕೆ ಕ್ಷಮೆ ಕೇಳೋಕೂ ನನಗೆ ಮುಖ ಇಲ್ಲ ಅಂತಿದಾರೆ."

"ಅಯ್ಯೋ, ಮೇಲೇಳಕ್ಕೆ ಹೇಳೇ," ಎಂದ ಗೆಳೆಯ ಸೋಫಾದಿಂದ, ಕೈ ಕತ್ತಿಗೆ ಕಟ್ಟಿದ ಜೋಳಿಗೆಯಲ್ಲಿ. "ನನಗೆ ಒಂಥರಾ ಆಗ್ತಿದೆ."

ಅವನ ಹೆಂಡತಿಗೆ ಹಾಗೇನೂ ಆಗಲಿಲ್ಲ. ಆಸ್ಪತ್ರೆಯ ದಿನಗಳಲ್ಲಿ ಅವಳು ಯಾರನ್ನೂ ಏನೂ ಕೇಳಿರಲಿಲ್ಲ. ಈಗ ಕೇಳಿದಳು.

"ಇವನು ಮಧ್ಯದಲ್ಲಿ ನಿಂತಿರೋದು ಕಾಣ್ತಿತ್ತಲ್ವಾ ಇವರಿಗೆ? ಮತ್ತೆ ನಿನ್ನನ್ನ ಮೇಲಿಂದ ಯಾಕೆ ಬಿಟ್ರು? ಕೇಳು ಅವರನ್ನ."

"ಬಿಡೇ ಈಗ," ಎಂದ ಗೆಳೆಯ. ಅವನಿಗೆ ದಿಬ್ಬದ ಏರ್ಪಾಡು ಗೊತ್ತಿತ್ತು. ರೇಡಿಯೋದ ವಿಷಯ ಗೊತ್ತಿರಲಿಲ್ಲ. ತಾನು ನಿಂತದ್ದೇ ತಪ್ಪು, ಗೆಳತಿಯ ಹೆಸರು ಯಾಕೆ ಎತ್ತಬೇಕು ಎಂದು ಸುಮ್ಮನಿದ್ದ.

"ನೀನು ಕೇಳೇ," ಎಂದಳು ನನಗೆ.

ಕೇಳಿದೆ. ಆ ಪ್ರಶ್ನೆಯನ್ನು ಪೂರ್ತಿ ಜಪಾನಿಗೆ ತಂದು, ತೀರಾ ಗೌರವದ ರೂಪದಲ್ಲಿ ಅವರ ಮುಂದಿಟ್ಟೆ. ಅವರು ತಲೆಯೆತ್ತದೆ ಉತ್ತರಿಸಿದರು. ನಿಲ್ಲಿ ಎಂದು ರೇಡಿಯೋದಲ್ಲಿ ಹೇಳಿದ್ದೆ, ಆದರೆ ಅದು ತಲುಪಲಿಲ್ಲ. ಬೆಟ್ಟದ ಮೇಲೆ ಹೋದ ಮೇಲೆ ರೇಡಿಯೋವನ್ನು ಇನ್ನೊಮ್ಮೆ ಪರೀಕ್ಷಿಸಬೇಕಿತ್ತು. ಮಾಡಲಿಲ್ಲ. ಅದು ನನ್ನ ಅಜಾಗರೂಕತೆ, ಎಂದರು.

ಈ ವಾಕ್ಯಗಳು ಆ ಕೋಣೆಯಲ್ಲಿ, ಅವರನ್ನು ಬಿಟ್ಟರೆ, ಅರ್ಥವಾಗಿದ್ದುದು ನನಗೊಬ್ಬಳಿಗೆ. ನಾನು ಅದನ್ನು ಕನ್ನಡದಲ್ಲಿ ಹೇಳಿದರೆ ಅವಳ ಸಿಟ್ಟಿಗೆ ಒಂದು ಗುರಿ ಸಿಗುತ್ತಿತ್ತು, ಹಣೆ ನೆಲಕ್ಕಿಟ್ಟು ಕೂತಿರುವ ಇವರೇ ಆ ಗುರಿಯಾಗುತ್ತಿದ್ದರು. ಗಂಡನ ಬಾಯಿಯಿಂದ ಬೆರಳು ಹಾಕಿ ಹಿಮ ತೆಗೆದವರು.

"ಏನಂದ್ರು?" ಎಂದಳು.

"ರೇಡಿಯೋದಲ್ಲಿ ನಿಲ್ಲು ಅಂತ ನನಗೆ ಹೇಳಿದ್ರು," ಎಂದೆ. "ನನಗೆ ಕೇಳಿಸ್ತು. ಕೇಳಿಸಿದ ಮೇಲೂ ಬಂದೆ. ಇವನು ಮಧ್ಯದಲ್ಲಿ ನಿಂತಿದ್ದೂ ನಾನು ವಿಡಿಯೋ ತೆಗಿ ಅಂದಿದ್ದಕ್ಕೆ. ರೇಡಿಯೋ ಕೇಳಿಸ್ಲಿಲ್ಲ ಅಂತ ಅವರಿಗೆ ಸುಳ್ಳು ಹೇಳಿದೆ. ಅದನ್ನ ನಂಬ್ಕೊಂಡು ಬಂದು ಇಲ್ಲಿ ಕೂತಿದಾರೆ."

ಅವಳು ನನ್ನನ್ನು ನೋಡುತ್ತಲೇ ಇದ್ದಳು, ಹೊಸದಾಗಿ ಪರಿಚಯವಾದವರ ಮುಖ ನೋಡುವಂತೆ. ಆಮೇಲೆ, "ಇದನ್ನ ಅವರಿಗೂ ಹೇಳು," ಎಂದಳು.

ಹೇಳಿದೆ. ಜಪಾನಿಯಲ್ಲಿ ಅದು ಇನ್ನೂ ಚಿಕ್ಕದಾಗಿ ಮುಗಿಯಿತು. ಲೀಡರ್ ಸಾನ್ ಆಗ ತಲೆಯೆತ್ತಿದರು. ಅವರ ಹಣೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. ಸಿಟ್ಟು ಕಾಣುತ್ತದೆಂದು ಕಾದೆ. ಆಸರೆ ಕಳಚಿದವರಂತೆ ಕಂಡರು. "ಹಾಗಾದರೂ," ಎಂದರು ಕೊನೆಗೆ, "ಲೀಡರ್ ಲೀಡರೇ," ಮತ್ತು ಅವಳ ಕಡೆಗೆ ತಿರುಗಿ ಇನ್ನೊಮ್ಮೆ ಬಾಗಿದರು. ನನ್ನ ಕಡೆ ನೋಡಲಿಲ್ಲ.

ಅವಳು ಎದ್ದು, ಅವರ ತೋಳು ಹಿಡಿದು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದಳು. ತನಗೆ ಬರುವಷ್ಟು ಜಪಾನಿಯಲ್ಲಿ, ಅನುವಾದ ಬೇಡದೆ, "ಅರಿಗಾತೋ ಗೊಜಾಯ್‌ಮಾಸ್," ಎಂದಳು. ಆ ಧನ್ಯವಾದವನ್ನೇ ಮತ್ತೆ ಮತ್ತೆ ಹೇಳಿದಳು.

ಪ್ರಯೋಗಾಲಯದಲ್ಲಿ ಲೀಡರ್ ಸಾನ್ ಈಗಲೂ ಬೆಳಿಗ್ಗೆ ಮೊದಲಿನಂತೆಯೇ ನಮಸ್ಕರಿಸುತ್ತಾರೆ. ಬೆಟ್ಟಕ್ಕೆ ಕರೆಯುವುದಿಲ್ಲ. ಗೆಳೆಯ ನನ್ನ ಮೇಲೆ ಮುನಿಸಿಲ್ಲ, ಅದನ್ನು ಬಾರಿಬಾರಿಗೂ ಹೇಳುತ್ತಾನೆ. ಹೇಳಿದಷ್ಟೂ ನನಗೆ ಕಷ್ಟ.

ಅವನ ಹೆಂಡತಿ ಜಗಳವಾಡಲಿಲ್ಲ, ಮಾತೂ ಬಿಡಲಿಲ್ಲ. ಬಿಡುವಂತೆಯೂ ಇರಲಿಲ್ಲ. ಭುಜದ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಬೇಕು, ಅಲ್ಲಿನವರಿಗೆ ಇಂಗ್ಲಿಷ್ ಬರುವುದಿಲ್ಲ, ಗೆಳೆಯನ ಜಪಾನಿ ಪ್ರಯೋಗಾಲಯದ ಹೊಸ್ತಿಲು ದಾಟುವುದಿಲ್ಲ. ಹೋದ ಸಲವೂ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಮೊದಲು ಮುಂದಿನ ಸೀಟಿನಲ್ಲಿ ಕೂತು ನನ್ನ ತಲೆ ತಿನ್ನುತ್ತಿದ್ದವಳು ಹಿಂದೆ ಕೂತಿದ್ದಳು.

ವೈದ್ಯರು ಅವನಿಗೆ ಕೈ ಮೇಲೆತ್ತಲು ಹೇಳಿದರು. ಅದು ಕಿವಿಯ ಮಟ್ಟಕ್ಕೆ ಬಂದು ನಿಂತಿತು. ವೈದ್ಯರು ಎಕ್ಸ್‌ರೇ ತೋರಿಸುತ್ತ ಸಾಕಷ್ಟು ಹೊತ್ತು ವಿವರಿಸಿದರು. ನಾನು ಅವಳ ಕಡೆ ತಿರುಗಿ ಹೇಳಿದೆ. ಇನ್ನೂ ಸುಧಾರಿಸತ್ತೆ, ಆದ್ರೆ ಪೂರ್ತಿ ಮೊದಲಿನ ಥರ ಆಗೋದು ಅನುಮಾನ, ಭಾರ ಎತ್ತಬಾರದು, ವ್ಯಾಯಾಮ ಒಂದು ದಿನಾನೂ ತಪ್ಪಿಸಬಾರದು.

ಅವಳು ವೈದ್ಯರ ಮುಖ ನೋಡಿದಳು, ಆಮೇಲೆ ನನ್ನ ಮುಖ.

"ಅಷ್ಟೇನಾ ಹೇಳಿದ್ದು?" ಎಂದಳು. "ಅಷ್ಟು ಹೊತ್ತು ಮಾತಾಡಿದ್ರು."

"ಅಷ್ಟೇ ಕಣೇ."

"ಇನ್ನೊಂದ್ಸಲ ಕೇಳು."

ನಾನು ವೈದ್ಯರ ಕಡೆ ತಿರುಗಿ, ಸುಮಿಮಾಸೆನ್, ಕ್ಷಮಿಸಿ ಎಂದು, ಇನ್ನೊಂದು ಸಲ ಕೇಳಿದೆ.